ನಾಲೆ ಬಂದ ಊರು, ನಾಲೆ ಬಾರದ ಊರು

(ಮಂಡ್ಯದ ಕಾಲೇಜೊಂದರ ಅರ್ಥಶಾಸ್ತ್ರ ಸಂಘದ ಕಾರ್ಯಕ್ರಮದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಅಭಿವೃದ್ಧಿ, ಆವಿಷ್ಕಾರ, ಅಸಮಾನತೆ ಈ ಮೂರನ್ನೂ ಸೇರಿಸಿ ಮಾತನಾಡಬೇಕೆಂದು ನಿಮ್ಮ ಸಂಘದವರು ಕೇಳಿದ್ದಾರೆ. ಮೂರೂ ದೊಡ್ಡ ಪದಗಳು. ನಾನು ಅರ್ಥಶಾಸ್ತ್ರದ ಪಂಡಿತನಲ್ಲ, ಊರೂರು ಸುತ್ತಿ ವರದಿ ಬರೆಯುವವನು. ಆದ್ದರಿಂದ ಸಿದ್ಧಾಂತದಿಂದ ಶುರು ಮಾಡದೆ ಎರಡು ಊರುಗಳಿಂದ ಶುರು ಮಾಡುತ್ತೇನೆ. ಎರಡೂ ನಿಮ್ಮ ಮಂಡ್ಯದ ಆಸುಪಾಸಿನವೇ. ಜಗತ್ತಿನ ಹಲವು ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಈ ಎರಡು ಊರುಗಳ ಕಥೆಯನ್ನು ಪಾಠ ಮಾಡಿದ್ದಾರೆ. ಮಂಡ್ಯದಲ್ಲಿ ಆ ಕಥೆ ಗೊತ್ತಿರುವವರು ಮಾತ್ರ ಕಡಿಮೆ.

ಪುಸ್ತಕಗಳಲ್ಲಿ ಆ ಊರುಗಳ ಹೆಸರು ವಂಗಲ ಮತ್ತು ದಲೇನ. ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಊರಿನವರಿಗೆ ತೊಂದರೆಯಾಗದಿರಲಿ ಎಂದು ನಿಜವಾದ ಹೆಸರನ್ನು ಮರೆಸಿ ಇಟ್ಟ ಹೆಸರುಗಳಿವು. ಇಟ್ಟವರು ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಹಿಳೆ.

1954: ಮೂರು ಊರು, ಒಂದು ಪ್ರಶ್ನೆ

ಎಪ್‌ಸ್ಟೀನ್ ಹುಟ್ಟಿದ್ದು 1922ರಲ್ಲಿ, ವಿಯೆನ್ನಾದ ಯಹೂದಿ ಕುಟುಂಬದಲ್ಲಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ ಮೇಲೆ ದೇಶ ಬಿಟ್ಟು ನಿರಾಶ್ರಿತೆಯಾಗಿ ಇಂಗ್ಲೆಂಡ್ ಸೇರಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಕಲಿತರು. 1954ರಲ್ಲಿ ಮಂಡ್ಯಕ್ಕೆ ಬಂದು 1956ರವರೆಗೆ ಈ ಎರಡು ಊರುಗಳ ಜನರ ನಡುವೆ ಇದ್ದು, ಮನೆಮನೆಯ ಆದಾಯ, ಖರ್ಚು, ಸಾಲ, ಬೆಳೆ, ಕೂಲಿಯ ಲೆಕ್ಕ ಬರೆದುಕೊಂಡರು.

1954 ಎಂಬ ವರ್ಷವನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ಆರ್ಥರ್ ಲೂಯಿಸ್ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದರು. ಬಡ ದೇಶಗಳಲ್ಲಿ ಬೇಸಾಯದಲ್ಲಿ ದುಡಿಯುವ ಕೈಗಳು ಬೇಕಾದ್ದಕ್ಕಿಂತ ಹೆಚ್ಚಿವೆ, ಅವು ಕೈಗಾರಿಕೆಗೆ ಸಾಗುತ್ತ ಹೋದಂತೆ ದೇಶ ಬೆಳೆಯುತ್ತದೆ ಎಂಬುದು ಅವರ ವಾದದ ತಿರುಳು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಸೈಮನ್ ಕುಜ್ನೆಟ್ಸ್ ಅಲ್ಲಿನ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣ ಮಾಡಿದರು. ದೇಶ ಬೆಳೆಯತೊಡಗಿದಾಗ ಮೊದಲು ಬಡವ ಬಲ್ಲಿದರ ಅಂತರ ಹಿಗ್ಗುತ್ತದೆ, ಬೆಳವಣಿಗೆ ಮುಂದುವರಿದ ಮೇಲೆ ಕುಗ್ಗುತ್ತದೆ ಎಂಬ ಊಹೆಯನ್ನು ಅವರು ಮುಂದಿಟ್ಟರು. ಗುಡ್ಡ ಹತ್ತಿ ಇಳಿದಂತೆ ಎನ್ನಿ. ಕುಜ್ನೆಟ್ಸ್ ಪ್ರಾಮಾಣಿಕರು. ತಮ್ಮ ಮಾತಿನಲ್ಲಿ ಅಂಕಿಅಂಶದ ಆಧಾರ ನೂರಕ್ಕೆ ಐದರಷ್ಟೇ, ಉಳಿದದ್ದು ಊಹೆ ಎಂದು ತಾವೇ ಒಪ್ಪಿಕೊಂಡಿದ್ದರು. ಆದರೂ ಆ ಊಹೆಯನ್ನೇ ನಿಯಮವೆಂಬಂತೆ ಹಲವರು ಹಿಡಿದುಕೊಂಡರು. ಮೊದಲು ಬೆಳೆಯಲಿ, ಹಂಚಿಕೆ ಆಮೇಲೆ ತಾನಾಗಿ ಆಗುತ್ತದೆ ಎಂದು ಹೇಳುವವರಿಗೆ ಅದು ಅನುಕೂಲವಾಗಿತ್ತು. ಕುಜ್ನೆಟ್ಸ್ ಅವರಿಗೆ 1971ರಲ್ಲಿ, ಲೂಯಿಸ್ ಅವರಿಗೆ 1979ರಲ್ಲಿ ನೊಬೆಲ್ ಬಂತು.

ಒಬ್ಬರು ದೇಶಗಳ ಅಂಕಿಅಂಶ ಇಟ್ಟುಕೊಂಡು, ಇನ್ನೊಬ್ಬರು ತರ್ಕ ಇಟ್ಟುಕೊಂಡು ಕೇಳುತ್ತಿದ್ದ ಪ್ರಶ್ನೆಯನ್ನೇ ಎಪ್‌ಸ್ಟೀನ್ ಮಂಡ್ಯದ ಗದ್ದೆಯ ಬದುವಿನ ಮೇಲೆ ನಿಂತು ಕೇಳಿದರು. ಹೊಸದೊಂದು ಬಂದಾಗ ಯಾರ ಬದುಕು ಬದಲಾಗುತ್ತದೆ, ಯಾರದ್ದು ಬದಲಾಗುವುದಿಲ್ಲ?

ಕನ್ನಂಬಾಡಿಯ ನೀರು

ಇಲ್ಲಿಗೆ ಬಂದ ಹೊಸದು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆ ಕೆಲಸ ಆರಂಭವಾಯಿತು. ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಕರೆದಿದ್ದ ಕಾಲುವೆ ಮುಂದೆ ವಿಶ್ವೇಶ್ವರಯ್ಯ ನಾಲೆ ಆಯಿತು. ರಾಗಿ, ಜೋಳದ ಬಯಲು ಕಬ್ಬು, ಭತ್ತದ ಬಯಲಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ದುಡಿದ ಕೃಷಿ ಇಲಾಖೆಯ ನಿರ್ದೇಶಕ, ಕೆನಡಾ ಮೂಲದ ಲೆಸ್ಲಿ ಕೋಲ್‌ಮನ್ ಅವರನ್ನು ಮಂಡ್ಯ ಇಂದಿಗೂ ನೆನೆಯುತ್ತದೆ. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಒಂದು ತಲೆಮಾರಿನೊಳಗೆ ಇಷ್ಟು ಬದಲಾದ ಸೀಮೆಗಳು ನಮ್ಮಲ್ಲಿ ಹೆಚ್ಚಿಲ್ಲ.

ಆವಿಷ್ಕಾರ ಎಂದೊಡನೆ ನಾವು ಪ್ರಯೋಗಾಲಯವನ್ನು ನೆನೆಯುತ್ತೇವೆ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಇನ್ನೂ ವಿಶಾಲವಾದ ಅರ್ಥ ಉಂಟು. ನಾಲೆ, ಹೊಸ ಬೆಳೆ, ಬೆಳೆಗೆ ಮುಂಗಡ ಕೊಟ್ಟು ಒಪ್ಪಂದ ಮಾಡಿಕೊಳ್ಳುವ ಕಾರ್ಖಾನೆ, ಸುಧಾರಿತ ಬೀಜ ಎಲ್ಲವೂ ಆವಿಷ್ಕಾರಗಳೇ.

ಆದರೆ ನಾಲೆಯ ನೀರಿಗೆ ಒಂದು ಗುಣವಿದೆ, ಅದು ಮಟ್ಟ ನೋಡಿ ಹರಿಯುತ್ತದೆ. ವಂಗಲದ ಜಮೀನು ತಗ್ಗಿನಲ್ಲಿತ್ತು, ನೀರು ಸಿಕ್ಕಿತು. ದಲೇನದ ಜಮೀನು ಮೇಡಿನಲ್ಲಿತ್ತು. ಸುತ್ತಲಿನ ಊರುಗಳೆಲ್ಲ ಹಸಿರಾದರೂ ದಲೇನದ ಹೊಲಗಳು ಖುಷ್ಕಿಯಾಗಿಯೇ ಉಳಿದವು. ಒಂದೇ ಸೀಮೆ, ಒಂದೇ ಭಾಷೆ, ಎರಡು ಕಡೆಯೂ ಒಕ್ಕಲಿಗರೇ ಹೆಚ್ಚು. ವ್ಯತ್ಯಾಸ ನೀರೊಂದೇ. ಸಂಶೋಧಕರಿಗೆ ಇಂಥ ಜೋಡಿ ಸಿಗುವುದು ಅಪರೂಪ.

ನಿರೀಕ್ಷೆಗೆ ವಿರುದ್ಧವಾದ ಉತ್ತರ

ಎರಡರಲ್ಲಿ ಯಾವ ಊರು ಹೆಚ್ಚು ಬದಲಾಗಿರಬಹುದು? ನೀರು ಬಂದ ಊರು ಎಂದೇ ಎಲ್ಲರೂ ಹೇಳುತ್ತಾರೆ. ಎಪ್‌ಸ್ಟೀನ್ ಕಂಡದ್ದು ಅದಕ್ಕೆ ತಿರುಗುಮುರುಗು.

ವಂಗಲಕ್ಕೆ ದುಡ್ಡು ಬಂತು. ಕಬ್ಬು ಬಂತು, ಮನೆಗಳು ಎದ್ದವು, ಮದುವೆಗಳು ಜೋರಾದವು. ಆದರೆ ಊರಿನ ಒಳಕಟ್ಟು ಅಲ್ಲಾಡಲಿಲ್ಲ. ಮೊದಲು ಜಮೀನು ಇದ್ದವರಿಗೇ ಈಗ ನೀರಾವರಿ ಜಮೀನು. ಮೊದಲು ಅವರ ಹೊಲದಲ್ಲಿ ದುಡಿಯುತ್ತಿದ್ದ ಆದಿಕರ್ನಾಟಕರು ಈಗ ಅವರ ಗದ್ದೆಯಲ್ಲಿ ದುಡಿದರು. ಯಜಮಾನ, ಹಳೆಮಗ ಎಂಬ ತಲೆತಲಾಂತರದ ಸಂಬಂಧ ಹಾಗೇ ನಡೆಯಿತು. ನ್ಯಾಯ ಹೇಳುವವರು, ಜಾತ್ರೆಯಲ್ಲಿ ಮೊದಲ ಮರ್ಯಾದೆ ಪಡೆಯುವವರು ಹಳೆಯ ಮನೆತನದವರೇ. ಬೇಸಾಯ ಲಾಭದಾಯಕವಾದ್ದರಿಂದ ಬೇಸಾಯ ಬಿಟ್ಟು ಹೊರಗೆ ನೋಡುವ ಅಗತ್ಯವೇ ಅವರಿಗೆ ಬೀಳಲಿಲ್ಲ. ಎಲ್ಲರೂ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತ ಶ್ರೀಮಂತರಾದವರು ಶ್ರೀಮಂತರಾದರು.

ದಲೇನದವರಿಗೆ ಆ ಭಾಗ್ಯವಿರಲಿಲ್ಲ. ಊರಿನಲ್ಲಿ ಕೂತರೆ ಹೊಟ್ಟೆ ತುಂಬದು. ಅವರು ಮಂಡ್ಯದ ಕಾರ್ಖಾನೆಯಲ್ಲಿ, ಕಚೇರಿಗಳಲ್ಲಿ ಕೆಲಸ ಹಿಡಿದರು. ಗಾಡಿ ಕಟ್ಟಿ ಬೇರೆ ಊರಿನ ಕಬ್ಬು ಸಾಗಿಸಿದರು. ವ್ಯಾಪಾರಕ್ಕೆ, ಗುತ್ತಿಗೆಗೆ ಇಳಿದರು. ಕೈಯಲ್ಲಿ ಕಾಸು ಆಡಿದವರು ನೆರೆ ಊರುಗಳಲ್ಲಿ ತರಿ ಜಮೀನು ಕೊಂಡರು. ಹೀಗೆ ಸಂಪಾದನೆಯ ದಾರಿಗಳು ಬೇರೆಬೇರೆಯಾದಾಗ ಊರಿನ ಅಧಿಕಾರವೂ ಕೈ ಬದಲಾಯಿಸಿತು. ಮನೆತನದ ಹಿರಿಯನ ಮಾತಿಗಿಂತ ಪಟ್ಟಣದ ವ್ಯವಹಾರ ಬಲ್ಲವನ ಮಾತಿಗೆ ಬೆಲೆ ಬಂತು. ಯಜಮಾನ, ಹಳೆಮಗ ಸಂಬಂಧ ಸಡಿಲಾಯಿತು. 1962ರಲ್ಲಿ ಹೊರಬಂದ ಅವರ ಪುಸ್ತಕದ ಮುಖ್ಯ ತೀರ್ಮಾನ ಇದು: ಆರ್ಥಿಕ ಬೆಳವಣಿಗೆ ಆದಲ್ಲೆಲ್ಲ ಸಾಮಾಜಿಕ ಬದಲಾವಣೆ ಆಗಿಯೇ ತೀರುತ್ತದೆ ಎನ್ನುವಂತಿಲ್ಲ. ಇದ್ದ ವ್ಯವಸ್ಥೆಯೊಳಗೇ ಬೆಳವಣಿಗೆ ಸಲೀಸಾಗಿ ಕೂತುಕೊಂಡರೆ ಅದು ಆ ವ್ಯವಸ್ಥೆಯನ್ನು ಇನ್ನಷ್ಟು ಗಟ್ಟಿ ಮಾಡಬಹುದು.

ದಲೇನವನ್ನು ಹಾಡಿ ಹೊಗಳುವ ಅವಸರವೂ ಬೇಡ. ಆ ಊರು ಬದುಕಿದ್ದು ನೆರೆಯ ನೀರಾವರಿಯ ಸಮೃದ್ಧಿಯಿಂದ, ಪಟ್ಟಣ ಕೈಗೆಟುಕುವ ದೂರದಲ್ಲಿದ್ದದ್ದರಿಂದ. ನಾಲೆಯೂ ಇಲ್ಲದ, ಕಾರ್ಖಾನೆಯೂ ಇಲ್ಲದ ಕಡೆಗಳ ಜನ ಎಲ್ಲಿಗೆ ಹೋದರು? 2020ರಲ್ಲಿ ಕೊರೊನಾ ಬಂದಾಗ ಅದರ ಉತ್ತರ ಎಲ್ಲರಿಗೂ ಕಂಡಿತು. ಆ ಮೇ ತಿಂಗಳಲ್ಲಿ ಕೃಷ್ಣರಾಜಪೇಟೆ, ನಾಗಮಂಗಲ ಕಡೆಯವರು ಮುಂಬೈಯಿಂದ ದೊಡ್ಡ ಸಂಖ್ಯೆಯಲ್ಲಿ ಊರಿಗೆ ಮರಳಿದರು. ಜಿಲ್ಲೆಯ ಸೋಂಕಿನ ಸಂಖ್ಯೆ ಏರಿದಾಗ ಅವರನ್ನು ದೂರಿದವರೇ ಹೆಚ್ಚು. ಸಕ್ಕರೆ ಜಿಲ್ಲೆಯ ಇಷ್ಟೊಂದು ಜನ ಸಾವಿರ ಕಿಲೋಮೀಟರ್ ದೂರದ ನಗರದಲ್ಲಿ ಏಕೆ ದುಡಿಯುತ್ತಿದ್ದರು ಎಂದು ಕೇಳಿದವರು ಕಡಿಮೆ.

ಕಣದ ಲೆಕ್ಕ

ಎಪ್‌ಸ್ಟೀನ್ ಅವರ ಸಂಶೋಧನೆಯಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಕಣದಲ್ಲಿ ಕಾಳು ಹಂಚುವ ಲೆಕ್ಕ. ಹಿಂದೆ ಕಮ್ಮಾರ, ಅಗಸ, ಕ್ಷೌರಿಕ, ಹೊಲದಾಳು ಇವರಿಗೆ ವರ್ಷದ ಕೆಲಸಕ್ಕೆ ಸುಗ್ಗಿಯಲ್ಲಿ ಇಂತಿಷ್ಟು ಎಂದು ಧಾನ್ಯ ಅಳೆದು ಕೊಡುತ್ತಿದ್ದರು. ಬೆಳೆ ಚೆನ್ನಾಗಿ ಆಗಲಿ, ಕೆಡಲಿ, ಆ ಅಳತೆ ಹೆಚ್ಚುಕಡಿಮೆ ಒಂದೇ.

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ಹೇಳುತ್ತೇನೆ. ಒಬ್ಬ ಜಮೀನುದಾರ, ಅವನನ್ನು ನಂಬಿದ ಐದು ಕುಟುಂಬ ಎಂದುಕೊಳ್ಳಿ. ಒಂದೊಂದು ಕುಟುಂಬಕ್ಕೂ ಎರಡು ಪಲ್ಲ, ಒಟ್ಟು ಹತ್ತು ಪಲ್ಲ. ಒಳ್ಳೆಯ ವರ್ಷ ಮೂವತ್ತು ಪಲ್ಲ ಬೆಳೆದರೆ ಜಮೀನುದಾರನಿಗೆ ಇಪ್ಪತ್ತು ಉಳಿಯುತ್ತದೆ. ಕೆಟ್ಟ ವರ್ಷ ಹನ್ನೆರಡೇ ಪಲ್ಲ ಬೆಳೆದರೆ ಅವನಿಗೂ ಎರಡೇ ಪಲ್ಲ, ಆಳಿಗೂ ಎರಡೇ ಪಲ್ಲ. ಸಮೃದ್ಧಿಯಲ್ಲಿ ಅಂತರ ದೊಡ್ಡದು, ಬರಗಾಲದಲ್ಲಿ ಎಲ್ಲರೂ ಸಮ. ಈ ವ್ಯವಸ್ಥೆಯಲ್ಲಿ ಅಪಮಾನವಿತ್ತು, ಅಸ್ಪೃಶ್ಯತೆಯಿತ್ತು. ಅದನ್ನು ಸುವರ್ಣಯುಗ ಎಂದು ಯಾರೂ ಕರೆಯಬಾರದು. ಆದರೆ ಹಸಿವಿನ ವಿರುದ್ಧ ಒಂದು ಕಡ್ಡಾಯ ವಿಮೆ ಅದರೊಳಗಿತ್ತು.

ಕಾಳಿನ ಬದಲು ದಿನಗೂಲಿ ಬಂದಾಗ ಹಳೆಮಗನ ಹಂಗು ಕಡಿಯಿತು, ಅದು ಒಳ್ಳೆಯದೇ. ಅದರ ಜೊತೆಗೆ ವಿಮೆಯೂ ಕಡಿಯಿತು. ಕೆಟ್ಟ ವರ್ಷ ಈಗ ಜಮೀನುದಾರ ಕೂಲಿಯವರನ್ನು ಕರೆಯುವುದನ್ನೇ ಬಿಡಬಹುದು. ಬೆಳೆ ಕೆಟ್ಟರೆ ಮೊದಲ ಪೆಟ್ಟು ಜಮೀನಿಲ್ಲದವನಿಗೆ. ಸ್ವಾತಂತ್ರ್ಯ ಬಂತು, ಭದ್ರತೆ ಹೋಯಿತು. ಹೋದ ಭದ್ರತೆಯ ಜಾಗದಲ್ಲಿ ಬೇರೊಂದು ಭದ್ರತೆ ಕೊಡುವುದು ಯಾರ ಕೆಲಸ? ಪಡಿತರದ ಅಕ್ಕಿ, 2005ರ ಕಾಯಿದೆಯಿಂದ ಬಂದ ಗ್ರಾಮೀಣ ಉದ್ಯೋಗ ಖಾತರಿ, ವೃದ್ಧಾಪ್ಯ ವೇತನ ಇವನ್ನೆಲ್ಲ ಕೆಲವರು ಬಿಟ್ಟಿ ಎಂದು ಹೀಗಳೆಯುತ್ತಾರೆ. ಕಣದಲ್ಲಿ ಕಳೆದುಹೋದ ಪಾಲು ಸರ್ಕಾರದ ಕಡೆಯಿಂದ, ಅಪಮಾನವಿಲ್ಲದೆ, ತಡವಾಗಿ ಬಂದದ್ದು ಎಂದು ನೋಡಿದರೆ ಅವುಗಳ ಅರ್ಥ ಬೇರೆಯಾಗುತ್ತದೆ.

ಹೊಸ ಪದ್ಧತಿ ಏಕೆ ಒಗ್ಗಲಿಲ್ಲ?

ಇದೇ ಲೆಕ್ಕ ಇನ್ನೊಂದು ಗಂಟನ್ನೂ ಬಿಡಿಸುತ್ತದೆ. 1950ರ ದಶಕದಲ್ಲಿ ಸರ್ಕಾರ ಭತ್ತಕ್ಕೆ 'ಜಪಾನಿ ಪದ್ಧತಿ' ಎಂಬ ಹೊಸ ಬೇಸಾಯ ಕ್ರಮವನ್ನು ದೇಶದಾದ್ಯಂತ ಪ್ರಚಾರ ಮಾಡಿತು. ಸಾಲು ಹಿಡಿದು ನಾಟಿ, ಹೆಚ್ಚು ಗೊಬ್ಬರ, ಹೆಚ್ಚು ಕಳೆ. ಇಳುವರಿಯೂ ಹೆಚ್ಚು. ಕಬ್ಬಿನಲ್ಲಿ ಹೊಸ ವಿಧಾನಗಳನ್ನು ಕಣ್ಣುಮುಚ್ಚಿ ಒಪ್ಪಿಕೊಂಡ ವಂಗಲದ ರೈತರು ಭತ್ತದಲ್ಲಿ ಮಾತ್ರ ಇದಕ್ಕೆ ಒಲಿಯಲಿಲ್ಲ. ಅಧಿಕಾರಿಗಳು ಎಂದಿನಂತೆ, ರೈತರು ಸಂಪ್ರದಾಯವಾದಿಗಳು, ತಿಳಿವಳಿಕೆ ಸಾಲದು ಎಂದು ಹೇಳಬಹುದಿತ್ತು. ಕಬ್ಬಿನ ವಿಷಯದಲ್ಲಿ ಅದೇ ರೈತರು ಅಷ್ಟು ಚುರುಕಾಗಿದ್ದದ್ದು ಹೇಗೆ?

ಎಪ್‌ಸ್ಟೀನ್ ಕೊಟ್ಟ ವಿವರಣೆ ಸರಳ. ಕಬ್ಬು ಹೊಸ ಬೆಳೆ. ಅದಕ್ಕೆ ಹಳೆಯ ಪದ್ಧತಿಯ ಕಟ್ಟುಪಾಡು ಇರಲಿಲ್ಲ, ಹೊಸ ಕೆಲಸಕ್ಕೆ ಹೊಸ ಕೂಲಿ ಗೊತ್ತು ಮಾಡಬಹುದಿತ್ತು. ಭತ್ತದ ಕೆಲಸವಾದರೋ ಹಳೆಯ ಸಂಬಂಧಗಳಲ್ಲಿ ಹೆಣೆದುಕೊಂಡಿತ್ತು. ನಾಟಿ ಹಾಕುವವರು ಹೆಂಗಸರು. ಸೊಂಟ ಬಗ್ಗಿಸಿ ಸಾಲು ನೋಡಿ ನಾಟಿ ಹಾಕುವ ಹೆಚ್ಚಿನ ಶ್ರಮ ಅವರದು. ಅದರಿಂದ ಬರುವ ಹೆಚ್ಚಿನ ಭತ್ತ ಜಮೀನುದಾರನದು. ಅವರಿಗೆ ಸಿಗುವ ಪಾಲು ಮೊದಲಿನಷ್ಟೇ. ಹಾಗಿದ್ದಾಗ ಅವರಾದರೂ ಏಕೆ ಮೈ ಮುರಿಯಬೇಕು?

ಆವಿಷ್ಕಾರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು, ಅದರ ಹೆಚ್ಚಿನ ದುಡಿಮೆ ಯಾರ ತಲೆಯ ಮೇಲೆ, ಹೆಚ್ಚಿನ ಆದಾಯ ಯಾರ ಕೈಗೆ ಎಂದು ಕೇಳಬೇಕು. ಇವೆರಡೂ ಒಬ್ಬರೇ ಆಗಿದ್ದರೆ ಹೊಸ ಪದ್ಧತಿ ಬೇಗ ಹರಡುತ್ತದೆ. ಬೇರೆಬೇರೆಯಾಗಿದ್ದರೆ ತಜ್ಞರು ಎಷ್ಟು ಭಾಷಣ ಮಾಡಿದರೂ ಅದು ಗದ್ದೆಗೆ ಇಳಿಯುವುದಿಲ್ಲ.

ಮರಳಿ ಬಂದಾಗ ಕಂಡದ್ದು

1970ರಲ್ಲಿ ಎಪ್‌ಸ್ಟೀನ್ ಅದೇ ಊರುಗಳಿಗೆ ಮರಳಿದರು. ವಂಗಲವೂ ಆ ಹೊತ್ತಿಗೆ ಹೊರಗಿನ ವ್ಯವಹಾರಕ್ಕೆ ಕೈ ಹಾಕಿತ್ತು. ಶ್ರೀಮಂತ ರೈತರು ಇನ್ನಷ್ಟು ಶ್ರೀಮಂತರಾಗಿದ್ದರು. ತೀರ ಕೆಳಗಿದ್ದವರು, ಅದರಲ್ಲೂ ಜಮೀನಿಲ್ಲದ ಆದಿಕರ್ನಾಟಕ ಕುಟುಂಬಗಳು ಮುಂದಕ್ಕೆ ಹೋಗಿರಲಿಲ್ಲ. ಕೂಲಿಯ ರೂಪಾಯಿ ಹೆಚ್ಚಿತ್ತು, ಬೆಲೆಗಳೂ ಹೆಚ್ಚಿದ್ದವು. 1973ರಲ್ಲಿ ಪ್ರಕಟವಾದ ಎರಡನೆಯ ಪುಸ್ತಕದಲ್ಲಿ ಅವರು ಈ ಅಂತರವನ್ನು ಕುರಿತು ಎಚ್ಚರಿಕೆ ಕೊಟ್ಟರು. 1998ರಲ್ಲಿ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಅವರ ಜೊತೆ ಸೇರಿ ಈ ಊರುಗಳ ನಲವತ್ತು ವರ್ಷಗಳ ಕಥೆಯನ್ನು ಮೂರನೆಯ ಪುಸ್ತಕವಾಗಿ ತಂದರು. 2014ರಲ್ಲಿ ತೀರಿಕೊಂಡರು. ಒಬ್ಬ ಸಂಶೋಧಕಿ ಎರಡು ಹಳ್ಳಿಗಳನ್ನು ಇಷ್ಟು ದೀರ್ಘಕಾಲ ಹಿಂಬಾಲಿಸಿದ್ದು ವಿರಳ.

1970ರಲ್ಲಿ ಅವರು ಗಮನಿಸಿದ ಇನ್ನೊಂದು ಬದಲಾವಣೆ ಮನೆಯೊಳಗಿನದು. ಹಿಂದೆ ಇಲ್ಲಿನ ಒಕ್ಕಲಿಗರಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಹೆಣ್ಣಿನ ದುಡಿಮೆಗೆ ಬೆಲೆಯಿತ್ತು ಎಂಬುದರ ಗುರುತು ಅದು. ದುಡ್ಡು ಬಂದ ಮನೆಗಳು ಹೆಂಗಸರನ್ನು ಗದ್ದೆಯಿಂದ ಮನೆಯೊಳಗೆ ಕೂರಿಸಿದವು. ಅದೇ ಅಂತಸ್ತು ಎಂದುಕೊಂಡವು. ಓದಿದ, ಪಟ್ಟಣದಲ್ಲಿ ನೌಕರಿಯಿರುವ ವರನಿಗೆ ಬೇಡಿಕೆ ಬಂತು. ತೆರ ಹೋಗಿ ವರದಕ್ಷಿಣೆ ಕಾಲಿಟ್ಟಿತು. ಹೆಣ್ಣುಮಗಳು ಮನೆಗೆ ಖರ್ಚಿನ ಬಾಬ್ತಾದಳು. ಈ ಲೆಕ್ಕಾಚಾರ ಕೊನೆಗೆ ಎಲ್ಲಿಗೆ ಮುಟ್ಟಿತೆಂಬುದನ್ನು ನಾವು 2023ರಲ್ಲಿ ಓದಿದೆವು. ಮಂಡ್ಯ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡಲಾಗುತ್ತಿತ್ತು ಎಂದು ಪೊಲೀಸರು ಹೇಳಿದಾಗ ರಾಜ್ಯವೇ ಬೆಚ್ಚಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಆ ಯಂತ್ರ. ನೀರಾವರಿ ತಂದ ಸಂಪತ್ತು, ಹೊಸ ತಂತ್ರಜ್ಞಾನ, ಹೆಣ್ಣಿನ ಬಗೆಗಿನ ಅಸಡ್ಡೆ ಒಂದೇ ಸೂರಿನಡಿ ಸೇರಿದ್ದವು. ತಲಾ ಆದಾಯದ ಅಂಕಿ ಏರಿದರೆ ಸಾಕು ಎನ್ನುವವರು ಈ ಸುದ್ದಿಯನ್ನು ಎದುರಿಗಿಟ್ಟುಕೊಂಡು ಯೋಚಿಸಲಿ.

ನದಿಯ ಇಳಿಜಾರು ಹೇಳಿದ ಸಾಕ್ಷಿ

ಎರಡು ಹಳ್ಳಿಯ ಮಾತನ್ನು ಇಡೀ ದೇಶಕ್ಕೆ ಅನ್ವಯಿಸಬಹುದೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಸ್ತರ್ ಡುಫ್ಲೊ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಭಾರತದ ಅಣೆಕಟ್ಟುಗಳನ್ನು ಕುರಿತು ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಡುಫ್ಲೊ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಮೈಕೆಲ್ ಕ್ರೆಮರ್ ಜೊತೆ ನೊಬೆಲ್ ಬಂದದ್ದು ನಿಮಗೆ ಗೊತ್ತು.

ಅವರ ಮುಂದಿದ್ದ ತೊಡಕು ಇದು. ಅಣೆಕಟ್ಟು ಇರುವ ಜಿಲ್ಲೆ ಶ್ರೀಮಂತವಾಗಿದ್ದರೆ ಅಣೆಕಟ್ಟಿನಿಂದ ಶ್ರೀಮಂತವಾಯಿತೋ, ಪ್ರಭಾವಶಾಲಿ ಜಿಲ್ಲೆಯಾದ್ದರಿಂದ ಅಣೆಕಟ್ಟು ದಕ್ಕಿತೋ? ಇದನ್ನು ಬಿಡಿಸಲು ಅವರು ನದಿಯ ಇಳಿಜಾರನ್ನು ಹಿಡಿದುಕೊಂಡರು. ಹದವಾದ ಇಳಿಜಾರಿರುವ ಕಡೆ ನೀರಾವರಿ ಕಟ್ಟೆ ಕಟ್ಟುವುದು ಸುಲಭ. ಇಳಿಜಾರನ್ನು ಯಾವ ಮಂತ್ರಿಯೂ ಬದಲಾಯಿಸಲಾರ. ಹಾಗೆ ನೋಡಿದಾಗ ಅಣೆಕಟ್ಟಿನ ಕೆಳಗಿನ ಜಿಲ್ಲೆಗಳಲ್ಲಿ ಬೆಳೆ ಹೆಚ್ಚಿತ್ತು, ಬಡತನ ಇಳಿದಿತ್ತು. ಅಣೆಕಟ್ಟು ಕಟ್ಟಿದ ಜಿಲ್ಲೆಗಳಲ್ಲೇ ಬಡತನ ಏರಿತ್ತು. ಮುಳುಗಡೆಯಾದದ್ದು ಅಲ್ಲಿ, ಹಸಿರಾದದ್ದು ಕೆಳಗೆ. ಕೆಳಗಿನವರ ಗಳಿಕೆಯಿಂದ ಮೇಲಿನವರ ನಷ್ಟ ತುಂಬಿಕೊಡುವ ವ್ಯವಸ್ಥೆ ಇರಲಿಲ್ಲ.

ನಮಗೆ ಇದು ಹೊಸ ಮಾತಲ್ಲ. ಕೃಷ್ಣರಾಜಸಾಗರದ ಮಟ್ಟ 124.80 ಅಡಿ ಮುಟ್ಟಿತೆಂದರೆ ನಾವು ಪತ್ರಿಕೆಯವರು ಮುಖಪುಟದಲ್ಲಿ ಚಿತ್ರ ಹಾಕುತ್ತೇವೆ. ಆ ನೀರಿನ ಅಡಿಯಲ್ಲಿ ಹಳೆಯ ಕನ್ನಂಬಾಡಿ ಮತ್ತು ಅದರ ನೆರೆಯ ಊರುಗಳ ಮನೆ, ಹೊಲ ಇವೆ ಎಂಬುದನ್ನು ಬರೆಯುವುದು ಅಪರೂಪ. ನಾಲೆಯ ಇನ್ನೊಂದು ತುದಿಯಲ್ಲಿ ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರು ನೀರು ತಲುಪಲಿಲ್ಲವೆಂದು ಧರಣಿ ಕೂರುವುದು ಮಾತ್ರ ನಮ್ಮ ಒಳಪುಟಗಳಲ್ಲಿ ಬರುತ್ತಲೇ ಇರುತ್ತದೆ.

ಇಡೀ ರಾಜ್ಯದ ಲೆಕ್ಕವೂ ಇದನ್ನೇ ಹೇಳುತ್ತದೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಪಟ್ಟಿ ಮಾಡಿತು. ಬೆಂಗಳೂರಿನ ಸಾಫ್ಟ್‌ವೇರ್ ಹೆಸರು ಜಗತ್ತಿಗೆಲ್ಲ ಹಬ್ಬುತ್ತಿದ್ದ ವರ್ಷಗಳವು.

ಅಂಗೈಯಲ್ಲಿ ಹಿಡಿಯುವ ಆವಿಷ್ಕಾರ

ಹಾಗಾದರೆ ಹೊಸದೆಲ್ಲ ಉಳ್ಳವರ ಪಾಲೇ? ಅಲ್ಲ. ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಡಾ. ಸಿ.ಎಚ್. ಲಕ್ಷ್ಮಣಯ್ಯ ಇದ್ದರು. ಭಾರತದ ರಾಗಿ ಮತ್ತು ಆಫ್ರಿಕದ ರಾಗಿಯನ್ನು ಸಂಕರಗೊಳಿಸಿ ಅವರು ತೆಗೆದ ತಳಿಗಳಿಗೆ ಎರಡೂ ನೆಲಗಳ ಹೆಸರು ಕೂಡಿಸಿ 'ಇಂಡಾಫ್' ಎಂದು ಹೆಸರಿಟ್ಟರು. ರಾಗಿಯ ಹೂವು ತೀರ ಚಿಕ್ಕದು, ಸಂಕರ ಮಾಡುವುದು ಬಹು ತಾಳ್ಮೆಯ ಕೆಲಸ. ಆ ತಳಿಗಳು ಇಳುವರಿಯನ್ನು ಗಣನೀಯವಾಗಿ ಏರಿಸಿದವು.

ನಾಲೆಯ ನೀರಿಗೂ ಈ ಬೀಜಕ್ಕೂ ಇರುವ ವ್ಯತ್ಯಾಸ ನೋಡಿ. ನೀರು ಬೇಕಾದರೆ ತಗ್ಗಿನಲ್ಲಿ ಜಮೀನಿರಬೇಕು. ಕಬ್ಬು ಬೆಳೆಯಬೇಕಾದರೆ ಬಂಡವಾಳ, ಗೊಬ್ಬರ, ಕಾರ್ಖಾನೆಯ ಒಪ್ಪಂದ ಬೇಕು. ರಾಗಿಯ ಬೀಜಕ್ಕೆ ಮಳೆಯ ಹೊಲವಾದರೂ ಸಾಕು, ಅರ್ಧ ಎಕರೆಯಾದರೂ ಸಾಕು. ರಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಈ ವರ್ಷದ ಫಸಲಿನಲ್ಲೇ ಮುಂದಿನ ವರ್ಷದ ಬಿತ್ತನೆ ತೆಗೆದಿಟ್ಟುಕೊಳ್ಳಬಹುದು, ನೆಂಟರಿಗೆ ಒಂದು ಸೇರು ಕೊಡಲೂಬಹುದು. ಮೇಡಿನ ಊರಿಗೂ ತಲುಪಿದ ಆವಿಷ್ಕಾರ ಇದು. ಆದರೂ ಹೊಲವೇ ಇಲ್ಲದವನಿಗೆ ಅಗ್ಗದ ರಾಗಿಯ ಹೊರತು ಇದರಿಂದ ನೇರವಾಗಿ ಸಿಕ್ಕಿದ್ದು ಕಡಿಮೆ ಎಂಬುದನ್ನು ಮರೆಯಬಾರದು.

ನೀರನ್ನು ಕೂಡ ಹಂಚಲು ಸಾಧ್ಯವಿಲ್ಲ ಎಂದಲ್ಲ. ದಿವಾನರಾಗುವ ಎಷ್ಟೋ ಮೊದಲೇ, 1899ರ ಸುಮಾರಿಗೆ ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತದ ನೀರಾ ನಾಲೆಗಾಗಿ 'ಬ್ಲಾಕ್ ಪದ್ಧತಿ' ರೂಪಿಸಿದ್ದರು. ನಾಲೆಯ ತಲೆಯ ಕಡೆಯ ಊರುಗಳೇ ನೀರೆಲ್ಲ ಹೀರದಂತೆ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಸರದಿಯ ಮೇಲೆ ಬೆಳೆ ಬದಲಾಯಿಸಿ, ಹೆಚ್ಚು ಊರುಗಳಿಗೆ ನೀರು ಮುಟ್ಟಿಸುವ ಕ್ರಮ ಅದು. ಕಟ್ಟೆ ಕಟ್ಟಿದ ವಿಶ್ವೇಶ್ವರಯ್ಯನವರ ಪ್ರತಿಮೆಗಳು ಊರೂರಲ್ಲಿವೆ. ನೀರು ಹಂಚಲು ಯೋಚಿಸಿದ ವಿಶ್ವೇಶ್ವರಯ್ಯನವರನ್ನು ನೆನೆಯುವವರು ಕಡಿಮೆ.

ಕುಜ್ನೆಟ್ಸ್ ಗುಡ್ಡ ಇಳಿಯಿತೇ?

ಮತ್ತೆ 1954ಕ್ಕೆ ಬರೋಣ. ಬೆಳೆಯುತ್ತ ಹೋದರೆ ಅಂತರ ತಾನಾಗಿ ಕುಗ್ಗುತ್ತದೆಯೇ? ಫ್ರಾನ್ಸಿನ ತೋಮಾ ಪಿಕೆಟಿ 2013ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕದಲ್ಲಿ ಎರಡು ಶತಮಾನಗಳ ತೆರಿಗೆ ದಾಖಲೆಗಳನ್ನು ಜೋಡಿಸಿ ಉತ್ತರ ಕೊಟ್ಟರು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಶ್ರೀಮಂತ ದೇಶಗಳಲ್ಲಿ ಅಂತರ ಕುಗ್ಗಿದ್ದು ನಿಜ. ಅದಕ್ಕೆ ಕಾರಣ ಬೆಳವಣಿಗೆಯ ಸಹಜ ಗತಿಯಲ್ಲ. ಎರಡು ಮಹಾಯುದ್ಧಗಳು, ಆರ್ಥಿಕ ಕುಸಿತ, ಆಮೇಲೆ ಹಾಕಿದ ಭಾರಿ ತೆರಿಗೆ ಮತ್ತು ಸಾರ್ವಜನಿಕ ಸೇವೆಗಳು. 1980ರ ನಂತರ ಅಂತರ ಮತ್ತೆ ಹಿಗ್ಗಿತು. 2025ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೋಯೆಲ್ ಮೊಕಿರ್, ಫಿಲಿಪ್ ಅಗಿಯಾನ್, ಪೀಟರ್ ಹೊವಿಟ್ ಅವರ ಕೆಲಸವೂ ಆವಿಷ್ಕಾರವನ್ನೇ ಕುರಿತದ್ದು. ಬೆಳವಣಿಗೆಯ ಎಂಜಿನ್ ಆವಿಷ್ಕಾರವೇ ಎಂದು ಅವರು ತೋರಿಸಿದರು. ಹೊಸದು ಬಂದಾಗ ಹಳೆಯದರಲ್ಲಿ ಬದುಕಿದವರು ನಷ್ಟ ಅನುಭವಿಸುತ್ತಾರೆ ಎಂಬುದೂ ಅಗಿಯಾನ್, ಹೊವಿಟ್ ಅವರ ಲೆಕ್ಕದೊಳಗೇ ಸೇರಿದೆ.

ಹಳೆಯದಾಗುವ ಸರದಿ ಎಲ್ಲರಿಗೂ ಬರುತ್ತದೆ. ಈ ಸೀಮೆಯನ್ನು ಬದಲಾಯಿಸಿದ ಮೈಷುಗರ್ ಕಾರ್ಖಾನೆಯೇ ಹಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. 2015ರಲ್ಲಿ ಇದೇ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರು ಸಾಲು ಸಾಲಾಗಿ ಆತ್ಮಹತ್ಯೆ ಮಾಡಿಕೊಂಡರು. ಒಂದೇ ಬೆಳೆಯನ್ನು ನೆಚ್ಚಿದ ಸಮೃದ್ಧಿ ಎಷ್ಟು ತೆಳು ಎಂದು ಆಗ ಗೊತ್ತಾಯಿತು.

ಈ ಕಾಲದ ನಾಲೆ ಎಂದರೆ ಹೆದ್ದಾರಿ. 2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದದ್ದು ಮಂಡ್ಯದಲ್ಲೇ. ಪ್ರಯಾಣದ ಸಮಯ ಉಳಿಯಿತು, ಸಂತೋಷ. ಹಳೆಯ ರಸ್ತೆಯ ಬದಿಯಲ್ಲಿ ವಡೆ, ಬೊಂಬೆ, ಎಳನೀರು ಮಾರುತ್ತಿದ್ದವರ ಮುಂದೆ ನಿಲ್ಲುತ್ತಿದ್ದ ಕಾರುಗಳು ಈಗ ಊರಿನ ಹೊರಗಿಂದಲೇ ಹಾದುಹೋಗುತ್ತವೆ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಬೇಕಿತ್ತು ಎನ್ನಬಹುದು. ಆದರೂ ಜಮೀನು ಕೊಟ್ಟ ಊರಿನವನ ವಾಹನಕ್ಕೆ ಆ ರಸ್ತೆಯಲ್ಲಿ ಜಾಗವಿಲ್ಲ ಎಂಬುದು ಉಳಿಯುತ್ತದೆ. ರಸ್ತೆಯೂ ಮಟ್ಟ ನೋಡಿಯೇ ಹರಿಯಿತು.

ನಿಮಗೊಂದು ಕೆಲಸ

ಯಾವುದೇ ಯೋಜನೆಯ ಶಂಕುಸ್ಥಾಪನೆಗೆ ಹೋದಾಗ ನಾವು ವರದಿಗಾರರು ಕೇಳುವುದು ಎಷ್ಟು ಕೋಟಿ, ಎಷ್ಟು ಎಕರೆ, ಯಾವಾಗ ಮುಗಿಯುತ್ತದೆ ಎಂದು. ಈ ಎರಡು ಊರುಗಳ ಕಥೆ ಓದಿದ ಮೇಲೆ ಅಷ್ಟು ಸಾಲದು ಎನಿಸಿದೆ. ಇದಕ್ಕಾಗಿ ಯಾರು ಹೆಚ್ಚು ದುಡಿಯಬೇಕು? ಹೆಚ್ಚಿನ ಗಳಿಕೆ ಯಾರಿಗೆ? ಕೆಟ್ಟ ವರ್ಷ ಬಂದರೆ ಮೊದಲು ಬೀಳುವವರು ಯಾರು? ಇವನ್ನೂ ಕೇಳಬೇಕು. ಉತ್ತರ ಮಂತ್ರಿಗಳ ಭಾಷಣದಲ್ಲಿ ಸಿಗುವುದಿಲ್ಲ, ಮನೆಮನೆಯ ಲೆಕ್ಕದಲ್ಲಿ ಸಿಗುತ್ತದೆ.

ಆ ಲೆಕ್ಕ ಬರೆಯಲು ವಿಯೆನ್ನಾದಿಂದ ಯಾರೋ ಬರಲಿ ಎಂದು ಕಾಯಬೇಕಾಗಿಲ್ಲ. ನಿಮ್ಮಲ್ಲಿ ಕೆಲವರು ನಾಲೆ ಬಯಲಿನ ಊರಿನವರು, ಕೆಲವರು ಮೇಡಿನ ಊರಿನವರು, ಕೆಲವರ ಮನೆಯಲ್ಲಿ ಜಮೀನೇ ಇಲ್ಲ. ಈ ಬಾರಿ ರಜೆಗೆ ಹೋದಾಗ ನಿಮ್ಮ ಊರಿನ ಹತ್ತು ಮನೆಗೆ ಹೋಗಿ. ಐದು ಮನೆ ಊರೊಳಗಿನವು, ಐದು ಮನೆ ಕೇರಿಯವು ಆಗಿರಲಿ. ಅಜ್ಜಿಯ ಕಾಲದಲ್ಲಿ ಏನಿತ್ತು, ಈಗ ಏನಿದೆ, ಮಗಳ ಮದುವೆಗೆ ಎಷ್ಟು ಸಾಲವಾಯಿತು, ಮಗ ಎಲ್ಲಿ ದುಡಿಯುತ್ತಾನೆ ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಸಂಘದಲ್ಲಿ ಎಲ್ಲರ ಬರಹಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಆ ಪುಟಗಳನ್ನು ನಮ್ಮ ಕಚೇರಿಗೂ ಒಂದು ಪ್ರತಿ ಕಳಿಸಿದರೆ ಓದಲು ನಾನು ಸಿದ್ಧ.